ಗಡಿಯಲ್ಲಿದ್ದಾಗ ಇಲ್ಲದ ಭಯ, ಮನೆಗೆ ಬಂದ ಮೇಲೆ ಯಾಕೆ? ವಿಜಯಪುರದ ಒಂದು ಪ್ರಕರಣ

ಗಂಡ ಸೈನ್ಯದಲ್ಲಿದ್ದಷ್ಟು ಕಾಲ ಈ ಹೆಣ್ಣುಮಗಳು ಗಟ್ಟಿಯಾಗಿದ್ದರು. ಮದುವೆಯಾಗಿ 14 ವರ್ಷ ಹಾಗೇ ಕಳೆದಿತ್ತು. ವರ್ಷಕ್ಕೆ ಎರಡು ತಿಂಗಳು ರಜೆಯಲ್ಲಿ ಅವರು ಬರುವುದು, ಮತ್ತೆ ಸೋಲಾಪುರಕ್ಕೆ ಹೋಗಿ ರೈಲು ಹತ್ತುವುದು. ಕೆಲವು ಸಲ ವಾರಗಟ್ಟಲೆ ಫೋನ್ ಇರುತ್ತಿರಲಿಲ್ಲ. ಅತ್ತೆ, ಮಾವ, ಇಬ್ಬರು ಮಕ್ಕಳು, ಊರಲ್ಲಿ ಎಂಟು ಎಕರೆ ಹೊಲ, ಎಲ್ಲವನ್ನೂ ಇವರೇ ನೋಡಿಕೊಂಡರು. ರಾತ್ರಿ ನಿದ್ದೆಗೂ ತೊಂದರೆ ಇರಲಿಲ್ಲ.

2022ರಲ್ಲಿ ಗಂಡ ನಿವೃತ್ತಿಯಾಗಿ ಬಂದರು. ವಿಜಯಪುರದಲ್ಲಿ ಸಣ್ಣ ಮನೆ ಕಟ್ಟಿದರು. ಒಂದು ಕಡೆ ಸೆಕ್ಯೂರಿಟಿ ಕೆಲಸಕ್ಕೂ ಸೇರಿದರು. ಕೆಲಸದ ಜಾಗ ಮನೆಯಿಂದ ಬೈಕಿನಲ್ಲಿ ಹದಿನೈದು ನಿಮಿಷ. ತೊಂದರೆ ಶುರುವಾಗಿದ್ದು ಅಲ್ಲಿಂದ. ಗಂಡ ಹತ್ತು ನಿಮಿಷ ಫೋನ್ ಎತ್ತದಿದ್ದರೆ ಇವರ ಕೈ ನಡುಗುತ್ತಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು. ಒಂದು ದಿನ ಮಧ್ಯಾಹ್ನದೊಳಗೆ 26 ಮಿಸ್ಡ್ ಕಾಲ್. ಗಂಡನ ಮೇಲಧಿಕಾರಿ ಎಲ್ಲರೆದುರು ಫೋನ್ ತೋರಿಸಿ ಬೈದರು. ಅವತ್ತು ಸಂಜೆ ಮನೆಯಲ್ಲಿ ದೊಡ್ಡ ಜಗಳವಾಯಿತು.

ನಾನು ಇಲ್ಲಿ ಯೋಗ ಕಲಿಸುತ್ತೇನೆ, ಆಪ್ತ ಸಮಾಲೋಚನೆಯನ್ನೂ ಓದಿದ್ದೇನೆ. ಆ ಜಗಳದ ಮುಂದಿನ ವಾರ ಅವರ ನಾದಿನಿ ಇವರನ್ನು ನನ್ನ ಹತ್ತಿರ ಕರೆದುಕೊಂಡು ಬಂದರು. ಇದನ್ನು ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಅವರು ಕೂತು ಹೇಳಿದ್ದು ಇಷ್ಟು: "ಅವರು ಗಡಿಯಾಗ ಇದ್ದಾಗ ನಾ ಎಲ್ಲಾ ದೇವರಿಗೆ ಬಿಟ್ಟಿದ್ದೆರಿ. ಈಗ ಬಾಜೂಕ ಅದಾರ, ನನಗ ನಿದ್ದಿ ಇಲ್ಲ. ನನ್ನ ಭಕ್ತಿ ಕಮ್ಮಿ ಆತೇನ್ರಿ?"

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಬಹಳ ಜನ ಹೆಣ್ಣುಮಕ್ಕಳು ಇದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾರೆ. ದೇವರ ಮೇಲೆ ಭಾರ ಹಾಕಿದರೆ ಮನಸ್ಸು ನೆಮ್ಮದಿಯಾಗಿರಬೇಕು, ನೆಮ್ಮದಿ ಇಲ್ಲ ಅಂದರೆ ಭಾರ ಹಾಕಿದ್ದೇ ಸುಳ್ಳು ಅಂತ ಅವರ ಲೆಕ್ಕ. ಆ ಲೆಕ್ಕದಲ್ಲಿ ಕೊನೆಗೆ ತಪ್ಪೆಲ್ಲಾ ತಮ್ಮದೇ ಆಗುತ್ತದೆ. ಭಯದ ಜೊತೆ ಪಾಪಪ್ರಜ್ಞೆಯೂ ಸೇರಿಕೊಳ್ಳುತ್ತದೆ.

ಮೊದಲು ಮಾಡಿದ ಕೆಲಸ, ಅವರನ್ನು ಡಾಕ್ಟರ ಹತ್ತಿರ ಕಳಿಸಿದ್ದು. ಎದೆ ಬಡಿತ, ಕೈ ನಡುಕ, ನಿದ್ದೆ ಇಲ್ಲದಿರುವುದು ಥೈರಾಯ್ಡ್ ತೊಂದರೆಯಿಂದಲೂ ಬರುತ್ತವೆ. ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಮನೋವೈದ್ಯರು ನೋಡಿ, ಸದ್ಯಕ್ಕೆ ಮಾತ್ರೆ ಬೇಡ, ಆದರೆ ಹೆಚ್ಚಾದರೆ ತಕ್ಷಣ ಬರಬೇಕು ಅಂದರು. ಸರಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ಇನ್ನೊಂದು ವಿಷಯವನ್ನು ಅವರೊಬ್ಬರನ್ನೇ ಕೂರಿಸಿಕೊಂಡು ನೇರವಾಗಿ ಕೇಳಿದೆ: ಹೊಡೆತ, ಬೆದರಿಕೆ, ದುಡ್ಡಿಗೆ ಕಾಡುವುದು ಏನಾದರೂ ಉಂಟಾ? ಇಲ್ಲ ಅಂದರು. ಉಂಟು ಅಂದಿದ್ದರೆ ಈ ಬರಹದಲ್ಲಿ ಮುಂದೆ ಹೇಳುವ ಯಾವುದನ್ನೂ ನಾನು ಅವರಿಗೆ ಹೇಳುತ್ತಿರಲಿಲ್ಲ. ಹೊಡೆತ ತಿನ್ನುವವರಿಗೆ ಮೊದಲು ಬೇಕಾಗಿರುವುದು ರಕ್ಷಣೆ. ಅವರ ಮುಂದೆ ಶರಣಾಗತಿಯ ಮಾತು ಆಡಲೇಬಾರದು.

ಬೆಳಗಿನ ಜಾವ

ಭಯ ಯಾವ ಹೊತ್ತಿಗೆ ಬರುತ್ತದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿದ್ದೆ. ಅವರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆದರೂ ಅಚ್ಚುಕಟ್ಟಾಗಿ ಬರೆದರು. ತಾರೀಖು, ಹೊತ್ತು, ಗಂಡನ ಡ್ಯೂಟಿ ಯಾವುದು, ಎಷ್ಟು ಸಲ ಫೋನ್ ಮಾಡಿದೆ, ಎಲ್ಲಾ ಇತ್ತು. ಅದನ್ನು ಓದುವಾಗ ಒಂದು ಸಂಗತಿ ಎದ್ದು ಕಂಡಿತು. ಗಂಡನಿಗೆ ಮೂರು ಪಾಳಿಯ ಕೆಲಸ. ಮಧ್ಯಾಹ್ನದ ಪಾಳಿ ಇದ್ದ ವಾರ ಫೋನ್ ಕಮ್ಮಿ. ರಾತ್ರಿ ಪಾಳಿಯ ವಾರವೂ ಅಷ್ಟೇನೂ ಇಲ್ಲ. ಬೆಳಗಿನ ಪಾಳಿಯ ವಾರ ಮಾತ್ರ ಪುಟ ತುಂಬಿತ್ತು.

ಬೆಳಗಿನ ಪಾಳಿಗೆ ಅವರು ಐದೂವರೆಗೆ ಹೊರಡುತ್ತಿದ್ದರು. ಸೈನ್ಯದ ಅಭ್ಯಾಸ, ಸದ್ದಿಲ್ಲದೆ ಎದ್ದು ತಯಾರಾಗುತ್ತಿದ್ದರು. ಹೆಂಡತಿಗೆ ಎಚ್ಚರವಾಗಬಾರದು ಅಂತ ಬೈಕನ್ನು ಓಣಿಯ ತುದಿವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡುತ್ತಿದ್ದರು. "ಪಾಪ, ದಿನಾ ದುಡಿದು ಸುಸ್ತಾಗಿರತಾಳ, ಮಲಗಲಿ ಅಂತ" ಎಂದು ನನಗೆ ಆಮೇಲೆ ಹೇಳಿದರು. ಪ್ರೀತಿಯಿಂದಲೇ ಮಾಡಿದ ಕೆಲಸ. ಇವರಿಗೆ ಆರು ಗಂಟೆಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಅಲ್ಲಿಂದ ಫೋನ್ ಶುರು.

ಚಿಕ್ಕವರಿದ್ದಾಗ ಹೀಗೆ ಯಾವತ್ತಾದರೂ ಎದ್ದಾಗ ಯಾರೂ ಇಲ್ಲದೇ ಇದ್ದದ್ದು ನೆನಪಿದೆಯಾ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಗುಳೆಯ ಮಾತು ಬಂತು.

ಈ ಭಾಗದವರಿಗೆ ಗುಳೆ ಅಂದರೆ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ, ಹಿಂಗಾರಿ ಜೋಳ ಒಣಗಿದ ವರ್ಷ, ಊರಿಗೆ ಊರೇ ಗೋವಾಕ್ಕೋ ಮಂಗಳೂರಿಗೋ ಪುಣೆ ಕಡೆಗೋ ಕಟ್ಟಡದ ಕೆಲಸಕ್ಕೆ ಹೋಗುತ್ತದೆ. ಮುದುಕರು ಮತ್ತು ಸಣ್ಣ ಮಕ್ಕಳು ಹಿಂದೆ ಉಳಿಯುತ್ತಾರೆ. ಇವರಿಗೆ ಆರು ವರ್ಷವಿದ್ದಾಗ ಅಪ್ಪ ಅವ್ವ ಗೋವಾಕ್ಕೆ ಹೋದರು. ಮಗಳು ಅಜ್ಜಿ ಹತ್ತಿರ. ವರ್ಷಕ್ಕೆರಡು ಸಲ, ಹಬ್ಬಕ್ಕೋ ಜಾತ್ರೆಗೋ ಬರುತ್ತಿದ್ದರು. ವಾಪಸ್ ಹೋಗುವಾಗ ಮಗಳು ನಿದ್ದೆಯಲ್ಲಿದ್ದಾಗ, ನಸುಕಿನ ಬಸ್ಸಿಗೆ ಹೋಗಿಬಿಡುತ್ತಿದ್ದರು. ಅಳುತ್ತಾಳೆ ಅಂತ ಹೇಳದೇ ಹೋಗುವುದು. ಇವರು ಎದ್ದಾಗ ಅವ್ವನ ಕೌದಿ ಮಡಚಿಟ್ಟಿರುತ್ತಿತ್ತು. ಬರುಬರುತ್ತಾ, ಅಪ್ಪ ಅವ್ವ ಬಂದ ದಿನದಿಂದಲೇ ರಾತ್ರಿ ನಿದ್ದೆ ಮಾಡದೆ ಅವ್ವನ ಸೀರೆ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಮಲಗಲು ಶುರು ಮಾಡಿದರಂತೆ. ಆದರೂ ಬೆಳಿಗ್ಗೆ ಬೆರಳಲ್ಲಿ ಸೆರಗು ಇರುತ್ತಿರಲಿಲ್ಲ.

ಗಡಿಯಲ್ಲಿದ್ದಾಗ ಭಯ ಇರಲಿಲ್ಲ ಅನ್ನುವ ಒಗಟು ಇಲ್ಲಿ ಬಿಡಿಸಿಕೊಂಡಿತು. ಸೈನ್ಯಕ್ಕೆ ಹೋಗುವಾಗ ಗಂಡ ಹೇಳಿ ಹೋಗುತ್ತಿದ್ದರು. ಟಿಕೆಟ್ ಇತ್ತು, ತಾರೀಖಿತ್ತು, ಬುತ್ತಿ ಕಟ್ಟುವುದಿತ್ತು, ಬಸ್ ಸ್ಟ್ಯಾಂಡಿಗೆ ಹೋಗಿ ಬೀಳ್ಕೊಡುವುದಿತ್ತು. ದುಃಖವಾಗುತ್ತಿತ್ತು, ಆದರೆ ಮೋಸ ಹೋದ ಹಾಗೆ ಆಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅವರು ಹೇಳದೆ ಎದ್ದು ಹೋಗತೊಡಗಿದರು.

ಅಗಲಿಕೆಯ ಶಾಸ್ತ್ರ

ಮಗು ಮತ್ತು ಪೋಷಕರ ನಂಟಿನ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಜೀವಮಾನವಿಡೀ ಕೆಲಸ ಮಾಡಿದರು. ಮಗು ತಾಯಿಗೆ ಅಂಟಿಕೊಳ್ಳುವುದು ಬರೀ ಹಾಲಿಗಾಗಿ ಅಲ್ಲ, ಅದು ಬದುಕುಳಿಯಲು ಬೇಕಾದ ಹುಟ್ಟುಗುಣ ಅನ್ನುವುದು ಅವರ ವಾದ. ಅವರ ಜೊತೆಗಿದ್ದ ಮೇರಿ ಏನ್ಸ್‌ವರ್ತ್ ಒಂದು ಸರಳ ಪ್ರಯೋಗ ರೂಪಿಸಿದರು. ವರ್ಷದ ಆಸುಪಾಸಿನ ಮಗು ಹೊಸ ಕೋಣೆಯಲ್ಲಿ ಆಡುತ್ತಿರುತ್ತದೆ. ತಾಯಿ ಕೆಲವು ನಿಮಿಷ ಹೊರಗೆ ಹೋಗಿ ಮತ್ತೆ ಬರುತ್ತಾಳೆ. ಅವರು ಹೆಚ್ಚು ಗಮನಿಸಿದ್ದು ತಾಯಿ ಮರಳಿ ಬಂದಾಗ ಮಗು ಏನು ಮಾಡುತ್ತದೆ ಅನ್ನುವುದನ್ನು. ಸುರಕ್ಷಿತ ಅನಿಸಿದ ಮಗು ಅತ್ತರೂ ತಾಯಿ ಎತ್ತಿಕೊಂಡಾಗ ಸಮಾಧಾನವಾಗಿ ಮತ್ತೆ ಆಟಕ್ಕೆ ಹೋಗುತ್ತದೆ. ಆತಂಕದ ಮಗು ತಾಯಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಸಿಟ್ಟಿನಿಂದ ತಳ್ಳುತ್ತದೆ, ಸಮಾಧಾನ ಮಾತ್ರ ಆಗುವುದಿಲ್ಲ. ಇನ್ನು ಕೆಲವು ಮಕ್ಕಳು ತಾಯಿ ಬಂದರೂ ನೋಡದ ಹಾಗೆ ಆಡುತ್ತಿರುತ್ತವೆ. ಹೊರಗೆ ಶಾಂತ. ಆದರೆ ಅವುಗಳ ಎದೆ ಬಡಿತ ಅಳೆದಾಗ ಒಳಗೆ ಶಾಂತಿ ಇರಲಿಲ್ಲ ಅನ್ನುವುದು ಗೊತ್ತಾಯಿತು. 1987ರಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ಎಂಬ ಮನಶ್ಶಾಸ್ತ್ರಜ್ಞರು ಇದೇ ಮಾದರಿಗಳು ದೊಡ್ಡವರ ಪ್ರೇಮ ಸಂಬಂಧಗಳಲ್ಲೂ ಕಾಣುತ್ತವೆ ಅಂತ ತೋರಿಸಿದರು.

ಇವರ 26 ಮಿಸ್ಡ್ ಕಾಲ್‌ಗಳನ್ನು ನಾನು ಹೀಗೆ ನೋಡಿದೆ. ಅದು ಅನುಮಾನ ಅಲ್ಲ, ಹಟವೂ ಅಲ್ಲ. ಆರು ವರ್ಷದ ಹುಡುಗಿ ಸೆರಗು ಹುಡುಕುತ್ತಿದ್ದಾಳೆ. ಗಂಡನಿಗೆ ಇದನ್ನು ಇದೇ ಮಾತಿನಲ್ಲಿ ಹೇಳಿದಾಗ ಅವರು ತಲೆ ತಗ್ಗಿಸಿ ಕೂತರು. ಅಲ್ಲಿಯವರೆಗೆ ಅವರಿಗೆ ಇದು ತನ್ನ ಮೇಲಿನ ಅಪನಂಬಿಕೆ ಅಂತಲೇ ಅನಿಸಿತ್ತು.

ಮನುಷ್ಯ ದೇವರನ್ನೂ ಇದೇ ನಂಟಿನಲ್ಲಿ ಕಾಣುತ್ತಾನೆ ಅಂತ ಲೀ ಕರ್ಕ್‌ಪ್ಯಾಟ್ರಿಕ್ ಎಂಬ ಮನಶ್ಶಾಸ್ತ್ರಜ್ಞ ಬರೆದಿದ್ದಾರೆ. ಹೆದರಿದಾಗ ಓಡಿಹೋಗುವ ಆಸರೆ, ಧೈರ್ಯವಾಗಿ ಹೊರಗೆ ಕಾಲಿಡಲು ಬೇಕಾದ ಬುಡ, ಎರಡೂ ದೇವರೇ ಆಗಬಹುದು. ಈ ಹೆಣ್ಣುಮಗಳಿಗೆ 14 ವರ್ಷ ಆಗಿದ್ದದ್ದು ಅದೇ. ಸೋಮವಾರ ಸಿದ್ಧೇಶ್ವರ ಗುಡಿ. ದಿನಾ ಬೆಳಿಗ್ಗೆ ಲಿಂಗಪೂಜೆ. ಸಾಧ್ಯವಾದಾಗ ಜ್ಞಾನಯೋಗಾಶ್ರಮದಲ್ಲಿ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ. ಅದು ಸುಳ್ಳು ಭಕ್ತಿ ಆಗಿರಲಿಲ್ಲ. ಇದನ್ನು ನಾನು ಒತ್ತಿ ಹೇಳಿದೆ, ಯಾಕೆಂದರೆ ಅವರು ಅದನ್ನೇ ಅಳಿಸಿ ಹಾಕಲು ಹೊರಟಿದ್ದರು.

2023ರ ಜನವರಿ 2ರಂದು ಸ್ವಾಮೀಜಿ ಲಿಂಗೈಕ್ಯರಾದರು. ಆ ದಿನಗಳಲ್ಲಿ ವಿಜಯಪುರಕ್ಕೆ ಹರಿದು ಬಂದ ಜನರನ್ನು ನೋಡಿದವರಿಗೆ ಅದನ್ನು ಮರೆಯಲಾಗದು. ಇವರು ಗಂಡನ ಜೊತೆ ದರ್ಶನಕ್ಕೆ ಹೋಗಿ ಬಂದರು. ಆದರೆ ಅಳಲಿಲ್ಲ. "ಅಪ್ಪಾರು ಎಲ್ಲಾ ಬಿಟ್ಟವರು, ಅವರಿಗೆ ಅತ್ರ ತಪ್ಪಾಗತೈತಿ ಅನಸ್ತು." ನಿವೃತ್ತಿಯ ಆರು ತಿಂಗಳೊಳಗೆ ಇದು ನಡೆದಿತ್ತು. ಬೆಳಗಿನ ಹೊತ್ತು ಸಿಗುತ್ತಿದ್ದ ಒಂದು ದೊಡ್ಡ ಆಸರೆ ಹೋಗಿತ್ತು, ಅದಕ್ಕೆ ದುಃಖ ಪಡಲೂ ಅವರು ತಮಗೆ ತಾವೇ ಬಿಟ್ಟಿರಲಿಲ್ಲ. ಫೋನ್ ಕೈಗೆ ಅಂಟಿಕೊಂಡದ್ದು ಆ ಚಳಿಗಾಲದಿಂದಲೇ ಅಂತ ಲೆಕ್ಕ ಹಾಕಿದಾಗ ಗೊತ್ತಾಯಿತು.

ಸ್ವಾಮೀಜಿ 2014ರಲ್ಲೇ ಒಂದು ಪತ್ರ ಬರೆದಿಟ್ಟಿದ್ದರು. ದೇಹವನ್ನು ಅಗ್ನಿಗೆ ಕೊಡಿ, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಿ, ಸ್ಮಾರಕ ಕಟ್ಟಬೇಡಿ ಅನ್ನುವುದು ಅದರಲ್ಲಿತ್ತು. ಈ ಪತ್ರದ ಮಾತನ್ನು ನಾನು ಎತ್ತಲಿಲ್ಲ, ಅವರೇ ಎತ್ತಿದರು. ನನಗೆ ಅದರಲ್ಲಿ ಕಂಡದ್ದು ಇದು: ಹೋಗುವ ಮೊದಲು ಅವರು ಹೇಳಿ ಹೋಗಿದ್ದಾರೆ. ಇದನ್ನು ಹೇಳಿದಾಗ ಆ ಹೆಣ್ಣುಮಗಳು ಅತ್ತರು. ನಾನು ನೀರು ತಂದಿಟ್ಟು ಸುಮ್ನೆ ಕೂತೆ.

ಪತಂಜಲಿಯ ಈಶ್ವರ ಯಾರು

ಪತಂಜಲಿಯ ಯೋಗಸೂತ್ರದಲ್ಲಿ ಶರಣಾಗತಿಗೆ ಈಶ್ವರಪ್ರಣಿಧಾನ ಅನ್ನುತ್ತಾರೆ. ಅದು ಹಲವು ಕಡೆ ಬರುತ್ತದೆ. ಮೊದಲ ಪಾದದ, ಅಂದರೆ ಅಧ್ಯಾಯದ, 23ನೇ ಸೂತ್ರದಲ್ಲಿ ಸಮಾಧಿಗೆ ಒಂದು ದಾರಿಯಾಗಿ, ಎರಡನೇ ಪಾದದ ಮೊದಲ ಸೂತ್ರದಲ್ಲಿ ಕ್ರಿಯಾಯೋಗದ ಭಾಗವಾಗಿ, ಮುಂದೆ 32ನೇ ಸೂತ್ರದಲ್ಲಿ ಐದು ನಿಯಮಗಳಲ್ಲಿ ಒಂದಾಗಿ. ಯಾರಿಗೆ ಶರಣಾಗಬೇಕು ಅನ್ನುವುದನ್ನೂ ಪತಂಜಲಿ ಬಿಡಿಸಿ ಹೇಳಿದ್ದಾರೆ. ಕ್ಲೇಶ (ಮನಸ್ಸನ್ನು ಕಾಡುವ ದೋಷಗಳು), ಕರ್ಮ, ಕರ್ಮದ ಫಲ, ಮನಸ್ಸಿನ ತಳದಲ್ಲಿ ಉಳಿದ ಹಳೆಯ ಸಂಸ್ಕಾರ, ಈ ನಾಲ್ಕೂ ಮುಟ್ಟದವನು ಈಶ್ವರ. ಕಾಲದ ಮಿತಿಯೂ ಅವನಿಗಿಲ್ಲ, ಹಿಂದಿನವರಿಗೂ ಅವನೇ ಗುರು.

ಈ ಅಳತೆಗೆ ಯಾವ ಗಂಡ ಸಿಗುತ್ತಾನೆ ಹೇಳಿ? ರಾತ್ರಿ ಪಾಳಿ ಮುಗಿಸಿ ಬರುವ ಮನುಷ್ಯನಿಗೆ ಸುಸ್ತಿದೆ, ಸಿಟ್ಟಿದೆ, ಹಳೆಯ ನೋವಿದೆ. ಅವನ ಫೋನಿನ ಬ್ಯಾಟರಿಯೂ ಖಾಲಿಯಾಗುತ್ತದೆ. ಅವನಿಂದ ಒಂದು ಕ್ಷಣವೂ ತಪ್ಪದ ಭರವಸೆ ಬೇಡುವುದು ಮನುಷ್ಯನ ಮೇಲೆ ಈಶ್ವರನ ಭಾರ ಹೊರಿಸಿದ ಹಾಗೆ. ಅವನು ಅದನ್ನು ಹೊರಲಾರದೆ ದೂರ ಸರಿಯುತ್ತಾನೆ. ಇವಳು ಇನ್ನೂ ಗಟ್ಟಿ ಹಿಡಿಯುತ್ತಾಳೆ. ನಮ್ಮಲ್ಲಿ ಇದಕ್ಕೆ "ಪತಿಯೇ ಪರದೈವ" ಅಂತ ಬೇರೆ ಮುದ್ರೆ ಒತ್ತಿಟ್ಟಿದ್ದಾರೆ. ನನಗೆ ಆ ಮಾತು ಎಂದೂ ಒಪ್ಪಿಗೆಯಾಗಿಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮದೇ ಜಿಲ್ಲೆಯಲ್ಲಿದೆ. ಶರಣರು "ಶರಣ ಸತಿ, ಲಿಂಗ ಪತಿ" ಅಂದರು. ಗಂಡಸರೂ ತಮ್ಮನ್ನು ಸತಿ ಅಂತಲೇ ಕರೆದುಕೊಂಡರು. ಆ ಮಾತಿನಲ್ಲಿ ಲಿಂಗಕ್ಕೆ ಪತಿಯ ಜಾಗ ಇದೆ, ಮನೆಯ ಪತಿಗೆ ಲಿಂಗದ ಜಾಗ ಇಲ್ಲ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನಿಗೆ ಒಲಿದವರು, ಕೌಶಿಕನ ಅರಮನೆ ಬಿಟ್ಟು ನಡೆದವರು. ಅವರ ಶರಣಾಗತಿ ಅವರನ್ನು ಬಗ್ಗಿಸಲಿಲ್ಲ.

ಇದರ ಇನ್ನೊಂದು ತುದಿಯೂ ಅಷ್ಟೇ ಅಪಾಯದ್ದು. ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಜೊತೆ ಬರುತ್ತದಲ್ಲ, ಯಾರಿಂದಲೂ ಏನೂ ನಿರೀಕ್ಷೆ ಮಾಡಬೇಡ, ಎಲ್ಲಾ ದೇವರಿಗೆ ಬಿಡು ಅಂತ. ಈ ಹೆಣ್ಣುಮಗಳಿಗೂ ಬರುತ್ತಿತ್ತು, ಅದನ್ನು ಅವರು ನಾಲ್ಕು ಜನಕ್ಕೆ ಕಳಿಸುತ್ತಲೂ ಇದ್ದರು. ಗಂಡನಿಗೆ "ಹೋಗುವಾಗ ನನ್ನ ಎಬ್ಬಿಸಿ ಹೋಗ್ರಿ" ಅಂತ ಒಂದೇ ಒಂದು ಸಲವೂ ಹೇಳಿರಲಿಲ್ಲ. ಕೇಳಿದರೆ ನಿರೀಕ್ಷೆ ಇಟ್ಟುಕೊಂಡ ಹಾಗಾಗುತ್ತದೆ, ಭಕ್ತಿಗೆ ಕುಂದು ಅಂತ ಭಾವಿಸಿದ್ದರು. 14 ವರ್ಷದಲ್ಲಿ ತನಗೆ ಹೆದರಿಕೆಯಾಗುತ್ತದೆ ಅಂತ ಬಾಯಿ ಬಿಟ್ಟು ಹೇಳಿದ್ದೇ ಇಲ್ಲ. ಸೈನಿಕನ ಹೆಂಡತಿ ಹೆದರಬಾರದು, ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೆಲ್‌ವುಡ್ 1980ರ ದಶಕದಲ್ಲಿ ಇದನ್ನು ಗುರುತಿಸಿ ಒಂದು ಹೆಸರು ಕೊಟ್ಟರು: ಸ್ಪಿರಿಚುವಲ್ ಬೈಪಾಸಿಂಗ್, ಅಂದರೆ ಅಧ್ಯಾತ್ಮವನ್ನು ಹಿಡಿದುಕೊಂಡು ಮನಸ್ಸಿನ ನೋವನ್ನು ಎದುರಿಸದೆ ಪಕ್ಕದಿಂದ ದಾಟಿಬಿಡುವುದು. ನೋವು ಅಲ್ಲೇ ಉಳಿಯುತ್ತದೆ.

ಪತಂಜಲಿ ಕ್ರಿಯಾಯೋಗದಲ್ಲಿ ಮೂರನ್ನು ಒಟ್ಟಿಗೆ ಇಟ್ಟಿದ್ದಾರೆ. ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ. ಶರಣಾಗತಿ ಕೊನೆಯದು, ಒಂಟಿಯಾಗಿಲ್ಲ. ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯದಲ್ಲಿ ಅದರ ಅರ್ಥ ಎರಡು ರೀತಿ ಬರುತ್ತದೆ: ಎಲ್ಲಾ ಕ್ರಿಯೆಗಳನ್ನು ಪರಮಗುರುವಿಗೆ ಅರ್ಪಿಸುವುದು, ಇಲ್ಲವೇ ಅವುಗಳ ಫಲವನ್ನು ಬಿಡುವುದು. ಎರಡಕ್ಕೂ ಮೊದಲು ಕ್ರಿಯೆ ಆಗಬೇಕು. ಮಾಡದ ಕೆಲಸವನ್ನು ಅರ್ಪಿಸಲು ಬರುವುದಿಲ್ಲ. ಇವರ ಪ್ರಕರಣದಲ್ಲಿ ಆ ಕ್ರಿಯೆ ಯಾವುದು? ಗಂಡನ ಮುಖ ನೋಡಿ, ನನಗೆ ಹೆದರಿಕೆ ಆಗುತ್ತದೆ, ನನಗೆ ಇದು ಬೇಕು ಅಂತ ಕೇಳುವುದು. ಅವರು ಕೊಡುತ್ತಾರೋ ಇಲ್ಲವೋ, ಅದು ಫಲ. ಬಿಡಬೇಕಾದ್ದು ಅದನ್ನು.

ಒಕ್ಕಲುತನದ ಮನೆಯವರಾದ್ದರಿಂದ ಅವರಿಗೆ ಇದು ತಟ್ಟನೆ ಹೊಳೆಯಿತು. "ಬಿತ್ತಲಾರದ ಮಳಿಗೆ ಕೈ ಮುಗಕೊಂತ ಕುಂತಿದ್ನೆರಿ ಹಂಗಾರ" ಅಂದರು.

ಏನು ಮಾಡಿದೆವು

ಮೈಯಿಂದ ಶುರು ಮಾಡಿದೆವು. ಮನಸ್ಸು ಚದುರಿದಾಗ ಜೊತೆಗೆ ಬರುವವು ಅಂತ ಪತಂಜಲಿ ನಾಲ್ಕನ್ನು ಹೇಳುತ್ತಾರೆ: ದುಃಖ, ಮನಸ್ಸು ಕುಗ್ಗುವುದು, ಮೈ ನಡುಕ, ಉಸಿರಾಟದ ಏರುಪೇರು. ಇದು ಮೊದಲ ಪಾದದ 31ನೇ ಸೂತ್ರ. ಇವರ ನೋಟ್‌ಬುಕ್ಕಿನಲ್ಲಿ ನಾಲ್ಕೂ ಇದ್ದವು. ಮೂರು ಸೂತ್ರ ಮುಂದೆ ಹೋದರೆ ಉಸಿರನ್ನು ಹೊರಬಿಟ್ಟು ಹಿಡಿಯುವ ಉಪಾಯ ಸಿಗುತ್ತದೆ. ಹೆದರಿದ ಮನುಷ್ಯನಿಗೆ ಉಸಿರು ಹಿಡಿಯಲು ಹೇಳುವುದು ನನಗೆ ಸರಿ ಕಾಣುವುದಿಲ್ಲ, ಕೆಲವರಿಗೆ ಇನ್ನೂ ಗಾಬರಿ ಹೆಚ್ಚಾಗುತ್ತದೆ. ಅದಕ್ಕೆ ಹೊರಬಿಡುವುದನ್ನು ಮಾತ್ರ ಉದ್ದ ಮಾಡಿಸಿದೆ. ನಾಲ್ಕು ಎಣಿಸುವಷ್ಟು ಒಳಗೆ, ಏಳೆಂಟು ಎಣಿಸುವಷ್ಟು ಹೊರಗೆ. ಉದ್ದದ ನಿಶ್ವಾಸದಲ್ಲಿ ಎದೆ ಬಡಿತ ನಿಧಾನವಾಗುತ್ತದೆ. ಅವರು ಎಣಿಕೆ ಬಿಟ್ಟು ಅದಕ್ಕೆ "ಓಂ ನಮಃ ಶಿವಾಯ" ಸೇರಿಸಿಕೊಂಡರು. ಅದೇ ಚೆನ್ನಾಗಿ ಕೂತಿತು.

ಪೂಜೆಯಲ್ಲಿ ಒಂದು ಬದಲಾವಣೆ ಮಾಡಬೇಕಾಯಿತು. ಇದರ ಬಗ್ಗೆ ಮಾತಾಡುವಾಗ ನನಗೂ ಎಚ್ಚರ ಬೇಕಿತ್ತು, ಯಾಕೆಂದರೆ ಒಬ್ಬರ ಪೂಜೆಗೆ ಕೈ ಹಾಕುವುದು ಸಣ್ಣ ವಿಷಯವಲ್ಲ. ಗಂಡ ಫೋನ್ ಎತ್ತದಿದ್ದರೆ ಪೂಜೆಯಲ್ಲಿ ಏನೋ ತಪ್ಪಾಯಿತು ಅಂತ ಅವರು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ಕೆಲವು ದಿನ ಮೂರು ಮೂರು ಸಲ. ಹರಕೆಗಳೂ ಬೆಳೆದಿದ್ದವು. ಅವರು ಸುರಕ್ಷಿತ ಬಂದರೆ ಉಪವಾಸ, ಬೇಗ ಬಂದರೆ ಕಾಯಿ. ಇಲ್ಲಿ ಅರ್ಪಣೆ ಹೋಗಿ ವ್ಯವಹಾರ ಬಂದಿತ್ತು. ಹಾಗಂತ ನಾನು ಹರಕೆ ಬೇಡ ಅನ್ನಲಿಲ್ಲ. ಪೂಜೆ ಒಂದೇ ಸಲ, ಫೋನ್ ಬಂದರೂ ಬರದಿದ್ದರೂ ಒಂದೇ ಸಲ, ಅಂತ ಒಂದು ಕಟ್ಟು ಹಾಕಿಕೊಳ್ಳೋಣ ಅಂದೆ. ಕೊನೆಗೆ ಕೇಳಿಕೊಳ್ಳುವಾಗ "ಅವರನ್ನು ಕಾಪಾಡು" ಅನ್ನುವುದರ ಜೊತೆಗೆ ಇನ್ನೊಂದು ಮಾತು ಸೇರಲಿ: ಇವತ್ತು ನನ್ನ ಕೈಲಾದದ್ದನ್ನು ಮಾಡಿದೆ, ಉಳಿದದ್ದು ನಿನ್ನದು. ಈ ಎರಡನೇ ಮಾತು ನಿಜವಾಗಬೇಕಾದರೆ ದಿನಾ ಕೈಲಾದದ್ದೊಂದು ನಿಜವಾಗಿ ಆಗಿರಬೇಕು. ಹೊಲದ ಲೆಕ್ಕವಿರಲಿ, ಮಕ್ಕಳ ಶಾಲೆಯಿರಲಿ, ಗಂಡನಿಗೆ ಹೇಳಬೇಕಾದ ಒಂದು ಮಾತಿರಲಿ.

ಮೊದಲ ವಾರ ಬಹಳ ಕಷ್ಟಪಟ್ಟರು. ಎರಡನೇ ಸಲ ಪೂಜೆಗೆ ಕೂರದೆ ಅಡುಗೆಮನೆಯಲ್ಲಿ ನಿಂತು ರೊಟ್ಟಿ ತಟ್ಟುತ್ತಾ ಅತ್ತದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿದ್ದಾರೆ. ಅಭ್ಯಾಸ ಗಟ್ಟಿಯಾಗಲು ಬಹಳ ಕಾಲ, ಬಿಡದೆ, ಆದರದಿಂದ ಮಾಡಬೇಕು ಅಂತ ಸೂತ್ರವೇ ಹೇಳುತ್ತದೆ. ಆ ಸೂತ್ರದಲ್ಲಿ ನನಗೆ ಇಷ್ಟವಾದದ್ದು ಆದರ. ತನ್ನ ಮೇಲೆ ತಾನು ಬೈದುಕೊಳ್ಳುತ್ತಾ ಮಾಡುವ ಅಭ್ಯಾಸ ಬೇಗ ಬಿಟ್ಟುಹೋಗುತ್ತದೆ.

ಗಂಡನ ಕಡೆ

ಹೆಂಡತಿಯನ್ನು ಮಾತ್ರ ಸರಿಮಾಡಿ ಕಳಿಸುವುದು ನನಗೆ ಸಮ್ಮತವಿರಲಿಲ್ಲ. ಮನಸ್ಸಿನ ಭದ್ರತೆ ಒಬ್ಬರೇ ಕೂತು ಜಪ ಮಾಡಿ ಗಳಿಸುವ ವಸ್ತುವಲ್ಲ. ಕೂಗಿದಾಗ ಓಗೊಡುವವರು ಬೇಕು. ಆಸರೆ ಸಿಗುತ್ತದೆ ಅನ್ನುವ ನಂಬಿಕೆ ಇರುವವರೇ ಹೆಚ್ಚು ಸ್ವತಂತ್ರವಾಗಿ ಓಡಾಡುತ್ತಾರೆ ಅನ್ನುವುದನ್ನು ಮನಶ್ಶಾಸ್ತ್ರಜ್ಞೆ ಬ್ರೂಕ್ ಫೀನಿ 2007ರಲ್ಲಿ ದಂಪತಿಗಳ ಅಧ್ಯಯನದಲ್ಲಿ ತೋರಿಸಿದ್ದಾರೆ. ಕೊಟ್ಟಷ್ಟೂ ಅಂಟಿಕೊಳ್ಳುತ್ತಾರೆ ಅನ್ನುವ ಭಯ ಸುಳ್ಳು.

ಗಂಡ ಮೊದಲು ಬರಲು ಒಪ್ಪಲಿಲ್ಲ. ಬಂದಾಗಲೂ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತರು. ನೀವೇನೂ ಬದಲಾಗಬೇಕಿಲ್ಲ, ಒಂದು ಕೆಲಸ ಮಾಡಿ ಸಾಕು ಅಂದೆ. ಬೆಳಗಿನ ಪಾಳಿಗೆ ಹೋಗುವಾಗ ಹೆಂಡತಿಯನ್ನು ಎಬ್ಬಿಸಿ. ಹೆಗಲ ಮೇಲೆ ಕೈ ಇಡಿ. ಹೊರಟೆ, ಇಷ್ಟು ಗಂಟೆಗೆ ಬರುತ್ತೇನೆ ಅಂತ ಹೇಳಿ, ಬೈಕ್ ಮನೆ ಮುಂದೆಯೇ ಸ್ಟಾರ್ಟ್ ಮಾಡಿ. ಇನ್ನೊಂದು, ಡ್ಯೂಟಿಯ ಮಧ್ಯೆ ಹತ್ತು ಗಂಟೆಗೆ ನೀವಾಗಿ ಒಂದು ಫೋನ್. ಅವರು ಮಾಡುವ ಮುಂಚೆ ನೀವು ಮಾಡಬೇಕು. ಆಗದಿದ್ದರೆ ಒಂದು ಮೆಸೇಜ್.

"ಇಷ್ಟ ಏನ್ರಿ?" ಅಂದರು. ಅವರಿಗೆ ನಂಬಿಕೆ ಬರಲಿಲ್ಲ. ಆದರೆ ಆದೇಶ ಪಾಲಿಸಿದ ಹಾಗೆ ಒಂದು ದಿನವೂ ತಪ್ಪಿಸದೆ ಮಾಡಿದರು. ಶಿಸ್ತಿನ ಮನುಷ್ಯ, ಅದು ಈ ಮನೆಗೆ ದೊಡ್ಡ ಪುಣ್ಯವಾಯಿತು. ಬೆಳಗಿನ ಪಾಳಿಯ ಎರಡನೇ ವಾರ ನೋಟ್‌ಬುಕ್ಕಿನ ಪುಟದಲ್ಲಿ ಫೋನಿನ ಸಂಖ್ಯೆ ನಾಲ್ಕಕ್ಕೆ ಇಳಿದಿತ್ತು. ಅದಾದ ಮೇಲೆ ಕೆಲವು ದಿನ ಒಂದೂ ಇರಲಿಲ್ಲ. ಎಬ್ಬಿಸಿದರೆ ಮತ್ತೆ ನಿದ್ದೆ ಬರುತ್ತಾ ಅಂತ ಕೇಳಿದೆ. ಎಬ್ಬಿಸಿದ ಮೇಲೇ ಚೆನ್ನಾಗಿ ನಿದ್ದೆ ಹತ್ತುತ್ತದೆ ಅಂದರು.

ಈ ನಡುವೆ ಅವರು ತವರಿಗೆ ಹೋಗಿ ಅವ್ವನನ್ನು ಕೇಳಿದರು, ಯಾಕೆ ಹೇಳದೆ ಹೋಗುತ್ತಿದ್ದಿರಿ ಅಂತ. ನಾನು ಕೇಳಲು ಹೇಳಿರಲಿಲ್ಲ. ಅವ್ವನಿಗೆ ಈಗ ಅರವತ್ತು ದಾಟಿದೆ, ಸಿಮೆಂಟ್ ಹೊತ್ತು ಸೊಂಟ ಹೋಗಿದೆ. "ನೀ ಎಚ್ಚರಿದ್ರ ಅಳತಿದ್ದಿ. ನೀ ಅತ್ರ ನನ್ನ ಕಾಲು ಬಸ್ಸಿಗೆ ಏರತಿರಲಿಲ್ಲ" ಅಂದರಂತೆ. ಆಮೇಲೆ ಇಬ್ಬರೂ ಸೇರಿ ಹೋಳಿಗೆ ಮಾಡಿದರು, ಆ ಮಾತು ಮುಂದೆ ಬೆಳೆಯಲಿಲ್ಲ. ಆದರೆ ಅವ್ವ ಈಗ ಫೋನ್ ಇಡುವಾಗ ಮೊದಲು ಹೇಳಿ ಇಡುತ್ತಾರಂತೆ.

ಈಗಿನ ಸ್ಥಿತಿ

ಪೂರ್ತಿ ಗುಣವಾಯಿತು ಅಂತ ನಾನು ಬರೆಯಲಾರೆ. ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಗಂಡನ ಡ್ಯೂಟಿ ಹೇಳದೆ ಕೇಳದೆ ಮುಂದುವರಿಯಿತು, ಫೋನ್ ಸ್ವಿಚ್ ಆಫ್ ಆಯಿತು. ಇವರಿಗೆ ಮತ್ತೆ ನಡುಕ ಬಂತು. ಕೆಲಸದ ಜಾಗದ ಆಫೀಸಿಗೆ ಒಂದೇ ಒಂದು ಫೋನ್ ಮಾಡಿ ವಿಚಾರಿಸಿದರು, ಡ್ಯೂಟಿಯಲ್ಲಿದ್ದಾರೆ ಅಂತ ಗೊತ್ತಾಯಿತು. ಗೊತ್ತಾದ ಮೇಲೂ ಭಯ ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ನಾದಿನಿಯ ಕೈ ಹಿಡಿದು ಕೂತಿದ್ದರು. ಪೂಜೆಗೆ ಮತ್ತೆ ಕೂರಲಿಲ್ಲ. ಗಂಡ ಬಂದಾಗ ಬೈಯಲಿಲ್ಲ, ಸುಮ್ಮನೂ ಇರಲಿಲ್ಲ. "ಭಾಳ ಹೆದರಿದ್ದೆ" ಅಂದರು. ಅವರ ಮದುವೆಯಲ್ಲಿ ಆ ಮಾತು ಹೊಸದು.

ಗಂಡನ ವಿಷಯ ಇನ್ನೂ ಬಾಕಿ ಇದೆ. ಸೈನ್ಯದಲ್ಲಿ ಅವರು ಕಂಡದ್ದು ಏನೇನೋ ಇದೆ, ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ತಾಯಿ ಬಂದರೂ ತಿರುಗಿ ನೋಡದೆ ಆಡುತ್ತಿದ್ದ ಆ ಮಕ್ಕಳ ಎದೆ ಬಡಿತದ ಸಂಗತಿಯನ್ನು ಒಮ್ಮೆ ಅವರಿಗೆ ಹೇಳಿದೆ. ಅವರು ಮಾತಾಡಲಿಲ್ಲ. ಆದರೆ ಮುಂದಿನ ಭಾನುವಾರದಿಂದ ತರಗತಿಗೆ ಬರತೊಡಗಿದ್ದಾರೆ. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಜಾಗ ಹಿಡಿಯುತ್ತಾರೆ. ಶವಾಸನದಲ್ಲಿ ಕಣ್ಣು ಮುಚ್ಚುವುದಿಲ್ಲ, ನಾನೂ ಮುಚ್ಚಿ ಅಂತ ಹೇಳುವುದಿಲ್ಲ. ಮನೋವೈದ್ಯರನ್ನು ತಾವೂ ಒಮ್ಮೆ ಕಾಣಬೇಕು ಅಂತ ಕೇಳಿಕೊಂಡಿದ್ದೇನೆ. ಮುಂದಿನ ತಿಂಗಳು ನೋಡೋಣ ಅಂದಿದ್ದಾರೆ.